ಮುಂದುವರಿದ ಅಕ್ಯೂಟ್ ಲ್ಯುಕೇಮಿಯಾ: ಸಾಂತ್ವನ ಚಿಕಿತ್ಸೆಯಲ್ಲಿ ಯಾವ ಮದ್ದಿನ ಜೊತೆಗೆ ಯಾವ ಮದ್ದು

ರಕ್ತದ ಕ್ಯಾನ್ಸರ್ ಎಂದು ನಾವು ಒಟ್ಟಾಗಿ ಕರೆಯುವ ಕಾಯಿಲೆಗಳಲ್ಲಿ ಅಕ್ಯೂಟ್ ಲ್ಯುಕೇಮಿಯಾ ಅತ್ಯಂತ ವೇಗದ್ದು. ಮೈಲಾಯ್ಡ್ ಮತ್ತು ಲಿಂಫೋಬ್ಲಾಸ್ಟಿಕ್ ಎಂದು ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ಗುಣಪಡಿಸುವ ಕಟ್ಟುನಿಟ್ಟಿನ ಕೀಮೊಥೆರಪಿಯನ್ನು ತಾಳಿಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಕೆಲವರಿಗೆ ಚಿಕಿತ್ಸೆ ಮುಗಿದ ಬಳಿಕ ರೋಗ ಮರಳಿ ಬರುತ್ತದೆ. ಅಂಥವರಿಗೆ ವೈದ್ಯರು ಸಾಂತ್ವನ ಚಿಕಿತ್ಸೆಯ ಮಾತೆತ್ತುತ್ತಾರೆ. ಮನೆಗೆ ಬಂದಾಗ ಚೀಲದಲ್ಲಿ ಎಂಟು ಹತ್ತು ಬಗೆಯ ಮಾತ್ರೆಗಳಿರುತ್ತವೆ. ಯಾವುದು ಯಾತಕ್ಕೆ, ಯಾವುದನ್ನು ಬಿಟ್ಟರೆ ನಡೆಯುತ್ತದೆ, ಯಾವುದರೊಂದಿಗೆ ಯಾವುದು ಸೇರಬಾರದು ಎಂಬುದು ಮನೆಯವರಿಗೆ ತಿಳಿದಿರುವುದಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಮನೆಗಳಲ್ಲಿ ಇನ್ನೊಂದು ತೊಡಕೂ ಇದೆ. ಒಂದು ಚೀಟಿ ಮಂಗಳೂರಿನದು, ಇನ್ನೊಂದು ತಲಶ್ಶೇರಿ ಅಥವಾ ಕಾಸರಗೋಡಿನದು. ಹೀಗಾಗಿ ಈ ಮಾಹಿತಿಯನ್ನು ಒಂದೆಡೆ ಕೊಡುತ್ತಿದ್ದೇವೆ. ಇದನ್ನು ಓದಿ ಯಾರೂ ತಾವಾಗಿ ಮದ್ದು ಬದಲಿಸಬಾರದು. ವೈದ್ಯರನ್ನು ಏನು ಕೇಳಬೇಕೆಂದು ಗೊತ್ತಾಗಲಿ ಎಂಬುದಷ್ಟೇ ಉದ್ದೇಶ.

ಮೊದಲು ಒಂದು ಎಚ್ಚರಿಕೆ. ಅಕ್ಯೂಟ್ ಲ್ಯುಕೇಮಿಯಾ ಎಂದ ಮಾತ್ರಕ್ಕೆ ಕೈಚೆಲ್ಲುವಂತಿಲ್ಲ. ಮಕ್ಕಳಿಗೆ ಬರುವ ಲಿಂಫೋಬ್ಲಾಸ್ಟಿಕ್ ಬಗೆ ಬಹುಪಾಲು ಗುಣವಾಗುವ ಕಾಯಿಲೆ. ಮೈಲಾಯ್ಡ್ ಬಗೆಯೊಳಗೇ ಪ್ರೊಮೈಲೊಸಿಟಿಕ್ ಎಂಬ ಉಪಬಗೆಯೊಂದಿದೆ. ಆರಂಭದಲ್ಲಿ ವಿಪರೀತ ರಕ್ತಸ್ರಾವವಾಗಿ ಜೀವಕ್ಕೆ ಕುತ್ತು ತರುವ ಈ ಬಗೆ, ಟ್ರೆಟಿನೊಯಿನ್ ಮಾತ್ರೆ ಮತ್ತು ಆರ್ಸೆನಿಕ್ ಟ್ರೈಆಕ್ಸೈಡ್ ಇಂಜೆಕ್ಷನ್ ಸೇರಿಸಿ ಕೊಟ್ಟರೆ ಹೆಚ್ಚಿನವರಲ್ಲಿ ಪೂರ್ತಿ ವಾಸಿಯಾಗುತ್ತದೆ. ಹಿರಿಯರ ಲಿಂಫೋಬ್ಲಾಸ್ಟಿಕ್ ಬಗೆಯಲ್ಲಿ ಫಿಲಡೆಲ್ಫಿಯಾ ಕ್ರೋಮೋಸೋಮ್ ಕಂಡುಬಂದರೆ ಇಮ್ಯಾಟಿನಿಬ್ ಅಥವಾ ಡಾಸಾಟಿನಿಬ್ ಮಾತ್ರೆಗೆ ಸ್ಟೀರಾಯ್ಡ್ ಜೋಡಿಸಿ, ಕಠಿಣ ಕೀಮೊ ಇಲ್ಲದೆಯೇ ರೋಗವನ್ನು ಹತೋಟಿಗೆ ತರಬಹುದು. ಆದ್ದರಿಂದ "ಇನ್ನು ಸಾಂತ್ವನ ಮಾತ್ರ" ಎಂಬ ತೀರ್ಮಾನಕ್ಕೆ ಮುನ್ನ, ರೋಗದ ಬಗೆ ಯಾವುದೆಂದು ಖಚಿತವಾಗಿದೆಯೇ ಎಂದು ಒಮ್ಮೆ ಕೇಳುವುದು ನ್ಯಾಯವಾದ ಪ್ರಶ್ನೆ.

ರೋಗದಲ್ಲಿ ಆಗುವುದೇನು

ಎಲುಬಿನ ಮಜ್ಜೆಯಲ್ಲಿ ಬೆಳೆಯದ ಎಳೆ ಜೀವಕೋಶಗಳು ತುಂಬಿಕೊಂಡು ಒಳ್ಳೆಯ ರಕ್ತಕಣಗಳು ಹುಟ್ಟಲು ಜಾಗವೇ ಇಲ್ಲವಾಗುತ್ತದೆ. ಕೆಂಪು ಕಣ ಕಡಿಮೆಯಾದರೆ ಸುಸ್ತು, ಏದುಸಿರು. ಪ್ಲೇಟ್‌ಲೆಟ್ ಕಡಿಮೆಯಾದರೆ ವಸಡಿನಲ್ಲಿ, ಮೂಗಿನಲ್ಲಿ ರಕ್ತ, ಚರ್ಮದ ಮೇಲೆ ಕೆಂಪು ಚುಕ್ಕೆ. ಸೋಂಕು ತಡೆಯುವ ಬಿಳಿ ಕಣ ಇಲ್ಲವಾದರೆ ಜ್ವರ. ಮಜ್ಜೆ ಕಿಕ್ಕಿರಿದು ಎಲುಬು ನೋಯುತ್ತದೆ. ರೋಗಕಣಗಳ ಸಂಖ್ಯೆ ಮೈಕ್ರೊಲೀಟರಿಗೆ 1 ಲಕ್ಷ ದಾಟಿದರೆ ರಕ್ತ ಮಂದವಾಗಿ ಶ್ವಾಸಕೋಶಕ್ಕೂ ಮಿದುಳಿಗೂ ತೊಂದರೆಯಾಗಬಹುದು. ಸಾಮಾನ್ಯ ಸಂಖ್ಯೆ 4,000ದಿಂದ 11,000.

ಬೇರೆ ಕ್ಯಾನ್ಸರುಗಳಲ್ಲಿ ಸಾಂತ್ವನ ಚಿಕಿತ್ಸೆಯೆಂದರೆ ಮುಖ್ಯವಾಗಿ ನೋವಿನ ಚಿಕಿತ್ಸೆ. ಇಲ್ಲಿ ಹಾಗಲ್ಲ. ರಕ್ತಸ್ರಾವ, ಜ್ವರ, ಸುಸ್ತು ನೋವಿನಷ್ಟೇ ಕಾಡುತ್ತವೆ. ರೋಗವನ್ನು ಸ್ವಲ್ಪ ತಗ್ಗಿಸಿದರೆ ಮಾತ್ರ ಈ ತೊಂದರೆಗಳು ತಗ್ಗುತ್ತವೆ. ಹಾಗಾಗಿ ರೋಗವನ್ನು ಹಿಮ್ಮೆಟ್ಟಿಸುವ ಮದ್ದು ಮತ್ತು ತೊಂದರೆಯನ್ನು ಶಮನಗೊಳಿಸುವ ಮದ್ದು, ಎರಡೂ ಒಟ್ಟೊಟ್ಟಿಗೆ ನಡೆಯುತ್ತವೆ.

ರೋಗ ತಗ್ಗಿಸುವ ಮದ್ದುಗಳು

ಲ್ಯುಕೇಮಿಯಾಕ್ಕೆ ಒಂದೇ ಮದ್ದು ಸಾಲದು ಎಂಬುದು ಹಳೆಯ ಪಾಠ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಅಮಿನೊಪ್ಟೆರಿನ್ ಕೊಟ್ಟಾಗ 10 ಮಕ್ಕಳು ಚೇತರಿಸಿಕೊಂಡರು. ಆ ಮದ್ದು ಬಂದದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮುಂದಾಳಾಗಿದ್ದ ಲೆಡರ್ಲೆ ಪ್ರಯೋಗಾಲಯದಿಂದ. ಆದರೆ ಆ ಚೇತರಿಕೆ ಕೆಲವು ತಿಂಗಳು ಮಾತ್ರ ನಿಂತಿತು. ಉಳಿದುಕೊಂಡ ರೋಗಕಣಗಳು ಆ ಮದ್ದಿಗೆ ಒಗ್ಗಿಹೋದವು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ನಾಲ್ಕು ಮದ್ದುಗಳನ್ನು ಒಟ್ಟಿಗೆ ಕೊಟ್ಟು ನೋಡಿದರು. ಬೇರೆ ಬೇರೆ ದಾರಿಯಲ್ಲಿ ಹೊಡೆಯುವ, ಆದರೆ ಒಂದೇ ಅಂಗವನ್ನು ಕೆಡಿಸದ ಮದ್ದುಗಳನ್ನು ಜೋಡಿಸಬೇಕು ಎಂಬ ಸೂತ್ರ ಅಲ್ಲಿಂದ ಗಟ್ಟಿಯಾಯಿತು. ಗುಣಪಡಿಸಲೆಂದು ಹುಟ್ಟಿದ ಈ ಸೂತ್ರ ಸಾಂತ್ವನ ಚಿಕಿತ್ಸೆಗೂ ಹೊಂದುತ್ತದೆ, ಪ್ರಮಾಣ ಮಾತ್ರ ಸೌಮ್ಯವಾಗಿರಬೇಕು.

ಅತ್ಯಂತ ಸರಳವಾದದ್ದು ಹೈಡ್ರಾಕ್ಸಿಯೂರಿಯಾ ಮಾತ್ರೆ. ಏರಿದ ಬಿಳಿ ಕಣಗಳನ್ನು ಇದು ಕೆಲವೇ ದಿನಗಳಲ್ಲಿ ಇಳಿಸುತ್ತದೆ. ಬೆಲೆಯೂ ಹೆಚ್ಚಲ್ಲ. ಆದರೆ ಮಜ್ಜೆಯನ್ನು ಇದು ಸರಿಪಡಿಸುವುದಿಲ್ಲ.

ಇದಕ್ಕಿಂತ ಒಂದು ಹೆಜ್ಜೆ ಮೇಲೆ ಕಡಿಮೆ ಪ್ರಮಾಣದ ಸೈಟರಾಬಿನ್. ದಿನಕ್ಕೆರಡು ಬಾರಿ 20 ಮಿಲಿಗ್ರಾಂನಂತೆ 10 ದಿನ ಚರ್ಮದಡಿಗೆ ಚುಚ್ಚುಮದ್ದು, ಕೆಲವು ವಾರ ಬಿಟ್ಟು ಮತ್ತೆ. ಬ್ರಿಟನ್ನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೈಟರಾಬಿನ್ ಪಡೆದ ಹಿರಿಯರಲ್ಲಿ ಶೇ. 18 ಮಂದಿಗೆ ರೋಗ ಪೂರ್ತಿ ಹಿಂದೆ ಸರಿಯಿತು, ಹೈಡ್ರಾಕ್ಸಿಯೂರಿಯಾದಲ್ಲಿ ಶೇ. 1 ಮಾತ್ರ. ಕ್ರೋಮೋಸೋಮ್ ದೋಷ ಕೆಟ್ಟದಿದ್ದವರಿಗೆ ಪ್ರಯೋಜನ ಕಾಣಲಿಲ್ಲ.

ಈಗ ಹೆಚ್ಚು ಬಳಕೆಯಲ್ಲಿರುವ ಜೋಡಿ ಅಝಾಸಿಟಿಡಿನ್ ಮತ್ತು ವೆನೆಟೊಕ್ಲ್ಯಾಕ್ಸ್. ಮೊದಲನೆಯದು 28 ದಿನಕ್ಕೊಮ್ಮೆ 7 ದಿನಗಳ ಇಂಜೆಕ್ಷನ್, ಎರಡನೆಯದು ದಿನವೂ ನುಂಗುವ ಮಾತ್ರೆ. ರೋಗಕಣ ಸಾಯದಂತೆ ಕಾಪಾಡುವ ಬಿಸಿಎಲ್-2 ಎಂಬ ಪ್ರೋಟೀನನ್ನು ವೆನೆಟೊಕ್ಲ್ಯಾಕ್ಸ್ ತಡೆಯುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 431 ರೋಗಿಗಳಿದ್ದರು. ಅಝಾಸಿಟಿಡಿನ್ ಮಾತ್ರ ಪಡೆದವರ ಮಧ್ಯಕ ಬದುಕು 9.6 ತಿಂಗಳು, ಜೋಡಿ ಪಡೆದವರದು 14.7 ತಿಂಗಳು. ಐದು ತಿಂಗಳ ಅಂತರ. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ಹೇಳದಿದ್ದರೆ ಚಿತ್ರ ಅರ್ಧವಾದೀತು: ಬಿಳಿ ಕಣ ಕುಸಿದು ಜ್ವರ ಬಂದವರು ಜೋಡಿ ಮದ್ದಿನಲ್ಲಿ ಶೇ. 42, ಒಂಟಿ ಮದ್ದಿನಲ್ಲಿ ಶೇ. 19. ಜೊತೆಗೆ ಅವರೆಲ್ಲ ಹೊಸದಾಗಿ ರೋಗ ಪತ್ತೆಯಾದವರು. ಚಿಕಿತ್ಸೆ ಆಗಿ ರೋಗ ಮರಳಿದವರಲ್ಲಿ ಇಷ್ಟು ಫಲವನ್ನು ನಿರೀಕ್ಷಿಸುವಂತಿಲ್ಲ.

ಇಂಜೆಕ್ಷನ್‌ಗೆ ಓಡಾಡಲಾಗದವರಿಗೆ ಮಾತ್ರೆಗಳ ಜೋಡಿಯೂ ಇದೆ. ಎಟೊಪೊಸೈಡ್, ಮರ್ಕ್ಯಾಪ್ಟೊಪ್ಯುರಿನ್ ಅಥವಾ ಥಯೊಗ್ವಾನಿನ್, ಪ್ರೆಡ್ನಿಸೊಲೋನ್, ಇವುಗಳನ್ನು ಸಣ್ಣ ಪ್ರಮಾಣದಲ್ಲಿ ಕೊಡುವ ಕ್ರಮ ಭಾರತದ ಆಸ್ಪತ್ರೆಗಳಲ್ಲಿ ರೂಢಿಯಲ್ಲಿದೆ. ಲಿಂಫೋಬ್ಲಾಸ್ಟಿಕ್ ಬಗೆ ಮರಳಿ ಬಂದವರಿಗೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಮತ್ತು ಸ್ಟೀರಾಯ್ಡ್ ಸೇರಿಸಿ ಕೊಟ್ಟರೆ ಎಲುಬಿನ ನೋವು ಬೇಗನೆ ಇಳಿಯುವುದುಂಟು.

ಇವುಗಳಲ್ಲಿ ಯಾವುದು ಬೇಕು ಎಂಬುದನ್ನು ಬರೀ ತಿಂಗಳ ಲೆಕ್ಕದಲ್ಲಿ ತೂಗಬಾರದು ಎಂದು ನಮ್ಮ ಅಭಿಪ್ರಾಯ. ತಿಂಗಳಿಗೆ ಏಳು ದಿನ ಇಂಜೆಕ್ಷನ್, ಮಧ್ಯೆ ರಕ್ತ ಪರೀಕ್ಷೆ, ಜ್ವರ ಬಂದರೆ ದಾಖಲು. ಎಣ್ಮಕಜೆಯಿಂದಲೋ ಪೈವಳಿಕೆಯಿಂದಲೋ ಹೊರಟವರಿಗೆ ತಿಂಗಳಲ್ಲಿ ಎಷ್ಟು ದಿನ ಮನೆಯಲ್ಲಿ ಕಳೆಯಲು ಸಿಗುತ್ತದೆ? ಇದನ್ನು ರೋಗಿಯ ಎದುರೇ ಕೇಳಬೇಕು, ಅವರ ಉತ್ತರಕ್ಕೇ ಹೆಚ್ಚು ತೂಕ ಕೊಡಬೇಕು. ಮನೆಯವರು ಹೊರಗೆ ನಿಂತು ವೈದ್ಯರಲ್ಲಿ "ಅಪ್ಪನಿಗೆ ಹೇಳಬೇಡಿ" ಎನ್ನುವುದು ನಮ್ಮಲ್ಲಿ ಸಾಮಾನ್ಯ. ಹೇಳದೇ ಇದ್ದರೆ ಅಪ್ಪನ ಅಭಿಪ್ರಾಯ ಕೇಳುವುದು ಹೇಗೆ?

ತೊಂದರೆ ಶಮನದ ಮದ್ದುಗಳು

ನೋವಿನಿಂದ ಶುರು ಮಾಡೋಣ. ಸಾಧಾರಣ ನೋವಿಗೆ ಪ್ಯಾರಾಸಿಟಮಾಲ್. ಆದರೆ ನುಂಗುವ ಮುನ್ನ ಥರ್ಮಾಮೀಟರ್ ಇಡಬೇಕು, ಏಕೆಂದರೆ ಈ ಮಾತ್ರೆ ಜ್ವರವನ್ನು ಮುಚ್ಚಿಬಿಡುತ್ತದೆ. ಬಿಳಿ ಕಣ ಕುಸಿದಿರುವವರಲ್ಲಿ 38 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟಿನಲ್ಲಿ 100.4, ದಾಟಿದರೆ ಅದು ಅದೇ ದಿನ, ಅದೇ ಗಂಟೆ ವೈದ್ಯರಿಗೆ ತಿಳಿಸಬೇಕಾದ ವಿಷಯ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಸೋಂಕಿದ್ದರೂ ಜ್ವರ ಕಾಣದಿರಬಹುದು. ನಡುಕ, ಮಂಪರು, ತಟ್ಟನೆ ಬಂದ ನಿತ್ರಾಣ ಕಂಡರೂ ತಡ ಮಾಡಬಾರದು.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇವು ಮೆಡಿಕಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ ನೋವಿನ ಮಾತ್ರೆಗಳು. ಲ್ಯುಕೇಮಿಯಾ ರೋಗಿಗೆ ಇವು ಬೇಡ. ಇರುವ ಅಷ್ಟಿಷ್ಟು ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಇವು ಕೆಡಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಸ್ಟೀರಾಯ್ಡ್ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ಸೊಂಟಕ್ಕೆ ಅಥವಾ ತೋಳಿನ ಮಾಂಸಖಂಡಕ್ಕೆ ಚುಚ್ಚುವ ನೋವಿನ ಇಂಜೆಕ್ಷನ್ ಕೂಡ ಬೇಡ. ಒಳಗೇ ರಕ್ತ ಗಂಟುಕಟ್ಟುತ್ತದೆ.

ಹೆಚ್ಚಿನ ನೋವಿಗೆ ಮಾರ್ಫಿನ್. ಬಾಯಿಂದ ನುಂಗುವ ಸಾಧಾರಣ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಆದ್ದರಿಂದ ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು. ಹಿರಿಯರಿಗೆ ಸಣ್ಣ ಪ್ರಮಾಣದಿಂದ ಆರಂಭಿಸಿ ನೋವಿಗೆ ತಕ್ಕಂತೆ ವೈದ್ಯರು ಏರಿಸುತ್ತಾರೆ. ಮೊದಲ ಕೆಲವು ದಿನ ತೂಕಡಿಕೆ, ವಾಕರಿಕೆ ಇರುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಕಡಿಮೆಯಾಗುವುದಿಲ್ಲ. ಆದ್ದರಿಂದ ಮಾರ್ಫಿನ್ ಶುರುವಾದ ದಿನವೇ ಬಿಸಾಕೊಡಿಲ್ ಅಥವಾ ಸೋನಾಮುಖಿಯಂಥ ಭೇದಿ ಮದ್ದೂ ಶುರುವಾಗಬೇಕು. ಇದು ಸಾಂತ್ವನ ಚಿಕಿತ್ಸೆಯಲ್ಲಿ ಅತ್ಯಂತ ಮುಖ್ಯವಾದ ಜೋಡಿ, ಅತಿ ಹೆಚ್ಚು ಮರೆತುಹೋಗುವ ಜೋಡಿಯೂ ಹೌದು. ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್, ಮೇಲೆ ಹೇಳಿದ ವಿನ್‌ಕ್ರಿಸ್ಟಿನ್, ಇವೆರಡೂ ಮಲ ಕಟ್ಟುವಂಥವೇ. ಮಾರ್ಫಿನ್ ಜೊತೆಗೆ ಇವೂ ಇದ್ದರೆ ಭೇದಿ ಮದ್ದಿನ ಪ್ರಮಾಣದ ಬಗ್ಗೆ ಮೊದಲೇ ಕೇಳಿಕೊಳ್ಳಬೇಕು. ಎನಿಮಾ ಕೊಡುವುದು, ಗುದದ್ವಾರದಲ್ಲಿ ಗುಳಿಗೆ ಇಡುವುದು ಬೇರೆ ರೋಗಿಗಳಿಗೆ ಸುಲಭ ಪರಿಹಾರ. ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಕುಸಿದಿರುವವರಲ್ಲಿ ಅದರಿಂದ ಗಾಯ, ಸೋಂಕು ಆಗಬಹುದಾದ್ದರಿಂದ ಸಾಮಾನ್ಯವಾಗಿ ಕೊಡುವುದಿಲ್ಲ.

ಮಾರ್ಫಿನ್ ಎಂದರೆ ಚಟ, ಮಾರ್ಫಿನ್ ಎಂದರೆ ಕೊನೆ ಎಂಬ ಎರಡು ಭಯಗಳು ಹಳ್ಳಿಯಲ್ಲೂ ಪೇಟೆಯಲ್ಲೂ ಇವೆ. ನೋವಿಗೆ ತಕ್ಕ ಪ್ರಮಾಣದಲ್ಲಿ, ವೈದ್ಯರ ನಿಗಾದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ, ಕ್ಯಾನ್ಸರ್ ನೋವಿಗೆ ತೆಗೆದುಕೊಂಡವರಲ್ಲಿ ಚಟ ಅಪರೂಪ. ಏದುಸಿರಿಗೂ ಸಣ್ಣ ಪ್ರಮಾಣದ ಮಾರ್ಫಿನ್ ಒಳ್ಳೆಯ ಮದ್ದು. ಮೂತ್ರಪಿಂಡ ಕೆಟ್ಟಿದ್ದರೆ ಮಾತ್ರ ಇದು ದೇಹದಲ್ಲಿ ಉಳಿದು ಮಂಪರು, ಮೈ ಬೆಚ್ಚುವುದು ಕಾಣಿಸುತ್ತದೆ. ಆಗ ಫೆಂಟನಿಲ್ ಪಟ್ಟಿಗೆ ಬದಲಾಯಿಸುವುದುಂಟು. ಆದರೆ ಜ್ವರದಲ್ಲಿ ಮೈ ಬಿಸಿಯಾದಾಗ ಪಟ್ಟಿಯಿಂದ ಮದ್ದು ವೇಗವಾಗಿ ಒಳಗಿಳಿಯುತ್ತದೆ. ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಲೇಬಾರದು.

ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಉಪಕಾರಿ. ವಸಡಿನಿಂದ ರಕ್ತ ಜಿನುಗುತ್ತಿದ್ದರೆ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಬಾಯಲ್ಲಿ ಇಟ್ಟುಕೊಂಡು ಉಗುಳಲು ಹೇಳುತ್ತಾರೆ. ಮೂತ್ರದಲ್ಲಿ ರಕ್ತವಿದ್ದರೆ ಹೇಳದೆ ಇದನ್ನು ನುಂಗಬಾರದು, ಒಳಗೆ ಹೆಪ್ಪುಗಟ್ಟಿ ಮೂತ್ರದ ದಾರಿ ಮುಚ್ಚಬಹುದು. ಪ್ಲೇಟ್‌ಲೆಟ್ ಕೊಡುವುದು ಸಾಮಾನ್ಯವಾಗಿ ಸಂಖ್ಯೆ 10,000ಕ್ಕಿಂತ ಇಳಿದಾಗ ಅಥವಾ ರಕ್ತಸ್ರಾವ ಆಗುತ್ತಿರುವಾಗ. ಇವನ್ನು ಐದೇ ದಿನ ಇಡಬಹುದಾದ್ದರಿಂದ ಸಣ್ಣ ಆಸ್ಪತ್ರೆಗಳಲ್ಲಿ ಸಿದ್ಧವಾಗಿ ಇರುವುದಿಲ್ಲ. ಪಪ್ಪಾಯಿ ಎಲೆಯ ರಸದ ಬಗ್ಗೆ ನಮ್ಮನ್ನು ಹಲವರು ಕೇಳುತ್ತಾರೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವ ಕಾರಣ ಬೇರೆ. ರೋಗ ಕಡಿಮೆಯಾದಂತೆ ಅದು ತಾನಾಗಿ ಏರುತ್ತದೆ. ಲ್ಯುಕೇಮಿಯಾದಲ್ಲಿ ಅದನ್ನು ತಯಾರಿಸುವ ಮಜ್ಜೆಯೇ ಕೆಟ್ಟಿರುತ್ತದೆ. ರಸ ಕುಡಿಸುತ್ತಾ ಎರಡು ದಿನ ಕಾಯುವುದರಿಂದ ಹಾನಿಯೇ ಹೆಚ್ಚು.

ಒಂದಕ್ಕೊಂದು ಆಗದ ಮದ್ದುಗಳು

ವೆನೆಟೊಕ್ಲ್ಯಾಕ್ಸ್ ತೆಗೆದುಕೊಳ್ಳುವವರಿಗೆ ಶಿಲೀಂಧ್ರ ಸೋಂಕು ತಡೆಯಲು ಪೊಸಾಕೊನಜೋಲ್ ಅಥವಾ ವೊರಿಕೊನಜೋಲ್ ಕೊಡುವುದಿದೆ. ಈ ಮದ್ದುಗಳು ಯಕೃತ್ತಿನಲ್ಲಿ ವೆನೆಟೊಕ್ಲ್ಯಾಕ್ಸ್ ಕರಗುವುದನ್ನು ತಡೆದು, ರಕ್ತದಲ್ಲಿ ಅದರ ಮಟ್ಟವನ್ನು ಹಲವು ಪಟ್ಟು ಏರಿಸುತ್ತವೆ. ಹಾಗಾಗಿ ದಿನಕ್ಕೆ 400 ಮಿಲಿಗ್ರಾಂ ಇರಬೇಕಾದದ್ದನ್ನು 100ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಸುತ್ತಾರೆ. ನಮ್ಮ ದೇಶದಲ್ಲಿ ಖರ್ಚು ತಗ್ಗಿಸಲೂ ಇದೇ ಉಪಾಯವನ್ನು ಬಳಸುತ್ತಾರೆ. ತೊಂದರೆ ಬರುವುದು ಎರಡು ಊರಿನ ಚೀಟಿಗಳು ಒಂದನ್ನೊಂದು ನೋಡದಾಗ. ಒಬ್ಬರು 400 ಬರೆದಿದ್ದಾರೆ, ಬಾಯಿಹುಣ್ಣಿಗೋ ಎದೆಯ ಸೋಂಕಿಗೋ ಇನ್ನೊಬ್ಬರು ವೊರಿಕೊನಜೋಲ್ ಬರೆಯುತ್ತಾರೆ ಎಂದುಕೊಳ್ಳಿ. ಮಜ್ಜೆ ಪೂರ್ತಿ ಕುಸಿಯಬಹುದು. ಹಾಗೆಯೇ ಶಿಲೀಂಧ್ರದ ಮಾತ್ರೆ ಮುಗಿಯಿತೆಂದು ಮನೆಯವರು ನಿಲ್ಲಿಸಿದರೆ ವೆನೆಟೊಕ್ಲ್ಯಾಕ್ಸ್ 100ರಲ್ಲೇ ಉಳಿದು ಕೆಲಸ ಮಾಡದೇ ಹೋಗುತ್ತದೆ. ಗ್ರೇಪ್‌ಫ್ರೂಟ್ ಮತ್ತು ನಮ್ಮ ಹಿತ್ತಿಲಿನ ಧಾರೆಹುಳಿ ಈ ಮದ್ದಿನೊಂದಿಗೆ ಬೇಡ. ಚಕ್ಕೋತ ಗ್ರೇಪ್‌ಫ್ರೂಟಿನ ಹತ್ತಿರದ ನೆಂಟ, ಅದನ್ನೂ ದೂರವಿಡುವುದು ಲೇಸು.

ಅದೇ ಶಿಲೀಂಧ್ರ ಮದ್ದುಗಳು ವಿನ್‌ಕ್ರಿಸ್ಟಿನ್‌ನ ನರಬಾಧೆಯನ್ನೂ ಹೆಚ್ಚಿಸುತ್ತವೆ. ಕೈಕಾಲು ಜೋಮು, ಕರುಳು ನಿಂತುಬಿಡುವುದು ಇದರ ಲಕ್ಷಣ.

ಯೂರಿಕ್ ಆಸಿಡ್ ಇಳಿಸುವ ಅಲೊಪ್ಯುರಿನಾಲ್ ಇನ್ನೊಂದು. ರೋಗಕಣಗಳು ಸಾಯುವಾಗ ಯೂರಿಕ್ ಆಸಿಡ್ ಏರುವುದರಿಂದ ಇದನ್ನು ಕೊಡುತ್ತಾರೆ. ಗಂಟುವಾತಕ್ಕೆ ವರ್ಷಗಳಿಂದ ತೆಗೆದುಕೊಳ್ಳುತ್ತಿರುವ ಹಿರಿಯರೂ ಇದ್ದಾರೆ. ಮರ್ಕ್ಯಾಪ್ಟೊಪ್ಯುರಿನ್ ಜೊತೆ ಇದು ಸೇರಿದರೆ ಮರ್ಕ್ಯಾಪ್ಟೊಪ್ಯುರಿನ್ ಪ್ರಮಾಣವನ್ನು ಕಾಲು ಭಾಗದಷ್ಟಕ್ಕೆ ಇಳಿಸಬೇಕಾಗುತ್ತದೆ. ಇಳಿಸದಿದ್ದರೆ ಅದು ವಿಷದಂತೆ. ಗಂಟುವಾತದ ಹಳೆಯ ಮಾತ್ರೆಯ ಬಗ್ಗೆ ಕ್ಯಾನ್ಸರ್ ವೈದ್ಯರಿಗೆ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ, ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಕೋಟ್ರೈಮಾಕ್ಸಝೋಲ್ ಮತ್ತು ಡೈಕ್ಲೊಫೆನಾಕ್ ವರ್ಗದ ಮಾತ್ರೆಗಳ ವಿಷಯದಲ್ಲೂ ಇಂಥದೇ ಎಚ್ಚರ ಬೇಕು.

ಮಾರ್ಫಿನ್ ಜೊತೆ ನಿದ್ರೆ ಮಾತ್ರೆ ಸೇರಿದರೆ ಮಂಪರು ಹೆಚ್ಚುತ್ತದೆ, ಉಸಿರು ನಿಧಾನವಾಗಬಹುದು. ಕೊನೆಯ ದಿನಗಳಲ್ಲಿ ವೈದ್ಯರೇ ಯೋಚಿಸಿ ಇವೆರಡನ್ನೂ ಒಟ್ಟಿಗೆ ಕೊಡುವುದುಂಟು. ಮನೆಯಲ್ಲಿದ್ದ ಹಳೆಯ ನಿದ್ರೆ ಮಾತ್ರೆಯನ್ನು ನಾವಾಗಿ ಸೇರಿಸುವುದು ಬೇರೆ ಮಾತು. ಭಸ್ಮ, ಕಷಾಯಗಳನ್ನು ಕೊಡುತ್ತಿದ್ದರೆ ಅದನ್ನೂ ಮುಚ್ಚಿಡಬಾರದು.

ಗಡಿಯ ಮನೆಗಳಿಗೆ

ಮಾರ್ಫಿನ್ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ ಬಹಳ ವರ್ಷ ಆಸ್ಪತ್ರೆಗಳೇ ಇದನ್ನು ಇಡಲು ಹೆದರುತ್ತಿದ್ದವು. 2014ರ ತಿದ್ದುಪಡಿಯ ಬಳಿಕ ಮಾನ್ಯತೆ ಪಡೆದ ಸಂಸ್ಥೆಗಳು ಇದನ್ನು ಇಟ್ಟುಕೊಂಡು ಕೊಡಬಹುದು. ಈ ವಿಷಯದಲ್ಲಿ ಕೇರಳದಲ್ಲಿರುವುದು ನಮಗೆ ಅನುಕೂಲ. 1993ರಲ್ಲಿ ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಆರಂಭಿಸಿದ ನೋವು ಶಮನ ಕ್ಲಿನಿಕ್ಕಿನಿಂದ ಬೆಳೆದ ವ್ಯವಸ್ಥೆ ಇಂದು ಪಂಚಾಯತು ಮಟ್ಟದಲ್ಲಿದೆ. ಸಾಂತ್ವನ ಚಿಕಿತ್ಸೆಗೆಂದೇ ರಾಜ್ಯ ಸರ್ಕಾರ 2008ರಲ್ಲಿ ನೀತಿ ಪ್ರಕಟಿಸಿತು. ನಾವು "ಪಾಲಿಯೇಟಿವ್‌ನವರು" ಎಂದು ಕರೆಯುವ ನರ್ಸ್ ಮನೆಗೇ ಬರುತ್ತಾರೆ. ಚಿಕಿತ್ಸೆ ಮಂಗಳೂರಿನಲ್ಲಿ ನಡೆಯುತ್ತಿದ್ದರೂ ನಿಮ್ಮ ಪಂಚಾಯತಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿಕೊಳ್ಳಿ. ಕೊನೆಯ ಹಂತ ಬರಲಿ ಎಂದು ಕಾಯಬೇಡಿ.

ಒಂದೇ ಒಂದು ನೋಟ್‌ಬುಕ್ ಇಡಿ. ಯಾವ ಊರಿನ ವೈದ್ಯರು ಬರೆದದ್ದಾದರೂ ಎಲ್ಲ ಮದ್ದುಗಳೂ ಅದರಲ್ಲಿರಲಿ: ಹೆಸರು, ಮಿಲಿಗ್ರಾಂ, ಯಾವಾಗ, ಯಾತಕ್ಕೆ, ಶುರು ಮಾಡಿದ ದಿನ, ನಿಲ್ಲಿಸಿದ ದಿನ. ಮಾತ್ರೆಯ ಹೆಸರನ್ನು ಇಂಗ್ಲಿಷಿನಲ್ಲಿ, ಪಟ್ಟಿಯ ಮೇಲೆ ಇದ್ದ ಹಾಗೆಯೇ ಬರೆಯಿರಿ. ಪ್ರತಿ ಭೇಟಿಯಲ್ಲೂ ಅದನ್ನು ಮೇಜಿನ ಮೇಲೆ ತೆರೆದಿಡಿ.

ಭಾಷೆಯದೂ ಒಂದು ಮಾತು. ನರ್ಸ್ ಮಲಯಾಳದಲ್ಲಿ ಕೇಳುತ್ತಾರೆ, ಅಜ್ಜಿಗೆ ಕನ್ನಡ ಅಥವಾ ತುಳು ಮಾತ್ರ ಬರುತ್ತದೆ. "ಪನಿ ಉಂಡೋ" ಎಂದರೆ ಜ್ವರ ಇದೆಯೇ ಎಂದು. "ವೇದನ" ನೋವು, ತುಳುವಿನಲ್ಲಿ "ಬೇನೆ". "ಶ್ವಾಸಂಮುಟ್ಟಲ್" ಏದುಸಿರು, "ಛರ್ದಿ" ವಾಂತಿ. ಮದ್ದಿನ ಲಕೋಟೆಯ ಮೇಲೆ "ರಾವಿಲೆ" ಎಂದಿದ್ದರೆ ಬೆಳಿಗ್ಗೆ, "ಉಚ್ಚಯ್ಕ್" ಎಂದರೆ ಮಧ್ಯಾಹ್ನ. ಮಕ್ಕಳು ಮೊಮ್ಮಕ್ಕಳು ಮಲಯಾಳ ಓದಬಲ್ಲರು, ಆದರೆ ಹಗಲು ಅವರು ಮನೆಯಲ್ಲಿರುವುದಿಲ್ಲ. ಲಕೋಟೆಯ ಮೇಲೆ ಕನ್ನಡದಲ್ಲಿ ಬರೆದಿಡುವುದು ಎರಡು ನಿಮಿಷದ ಕೆಲಸ. ನೋವು ಎಷ್ಟೆಂದು ಹೇಳಲು ಸೊನ್ನೆಯಿಂದ ಹತ್ತರ ಲೆಕ್ಕ ಬಾರದಿದ್ದರೆ "ಇಲ್ಲ, ಸ್ವಲ್ಪ, ಜಾಸ್ತಿ, ತಡೆಯಲಾಗದು" ಎಂಬ ನಾಲ್ಕು ಮಾತು ಸಾಕು.

2020ರಲ್ಲಿ ತಲಪಾಡಿ ಗಡಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಬಂದ್ ಇರಲಿ, ಮಳೆಗಾಲ ಇರಲಿ, ಒಂದು ವಾರಕ್ಕಾಗುವಷ್ಟು ನೋವಿನ ಮದ್ದು ಮನೆಯಲ್ಲಿರುವಂತೆ ನೋಡಿಕೊಳ್ಳಿ. ಮಾರ್ಫಿನ್ ತಟ್ಟನೆ ನಿಂತರೆ ನೋವಿನ ಜೊತೆ ಬೆವರು, ಚಡಪಡಿಕೆ, ಭೇದಿಯೂ ಬರುತ್ತವೆ.

ರೋಗದ ಮದ್ದು ನಿಂತ ಮೇಲೆ

ಒಂದು ಹಂತದಲ್ಲಿ ಅಝಾಸಿಟಿಡಿನ್ ಆಗಲಿ ಹೈಡ್ರಾಕ್ಸಿಯೂರಿಯಾ ಆಗಲಿ ಕೆಲಸ ಮಾಡುವುದಿಲ್ಲ. ರಕ್ತ, ಪ್ಲೇಟ್‌ಲೆಟ್ ಕೊಟ್ಟರೂ ಎರಡು ದಿನ ನಿಲ್ಲುವುದಿಲ್ಲ. ಆಗ ಅವನ್ನು ನಿಲ್ಲಿಸುವ ಮಾತು ಬರುತ್ತದೆ. ಕೊಲೆಸ್ಟರಾಲ್ ಮಾತ್ರೆ, ವಿಟಮಿನ್ನುಗಳೂ ಆಗ ಬೇಡವಾಗುತ್ತವೆ. ನಿಲ್ಲಬಾರದ್ದು ನೋವಿನ, ವಾಂತಿಯ, ಏದುಸಿರಿನ ಮದ್ದು. "ಇನ್ನು ಏನೂ ಕೊಡುವುದಕ್ಕಿಲ್ಲ" ಎಂದು ಯಾರಾದರೂ ಹೇಳಿದರೆ ಈ ಮೂರರ ಹೆಸರು ಹಿಡಿದು ಕೇಳಿ. ನುಂಗಲು ಆಗದಾಗ ಮಾರ್ಫಿನ್, ವಾಕರಿಕೆಗೆ ಹ್ಯಾಲೊಪೆರಿಡಾಲ್, ಚಡಪಡಿಕೆಗೆ ಮಿಡಾಜೋಲಾಮ್ ಇವನ್ನು ಚರ್ಮದಡಿಗೆ ಇಟ್ಟ ಸಣ್ಣ ಸೂಜಿಯ ಮೂಲಕ ಕೊಡಬಹುದು. ಮನೆಯಲ್ಲೂ ಇದು ಸಾಧ್ಯ.

ಕೆಲವರಲ್ಲಿ ಕೊನೆಗೆ ಒಮ್ಮೆಲೇ ಹೆಚ್ಚು ರಕ್ತಸ್ರಾವ ಆಗಬಹುದು. ಹೇಳಲು ಕಷ್ಟವಾದರೂ ಮೊದಲೇ ತಿಳಿದಿದ್ದರೆ ಒಳ್ಳೆಯದು. ಸಾಂತ್ವನ ತಂಡದವರು ಮಿಡಾಜೋಲಾಮ್ ಅನ್ನು ಮುಂಚಿತವಾಗಿ ಸಿದ್ಧಪಡಿಸಿ, ಯಾರು ಹೇಗೆ ಕೊಡಬೇಕೆಂದು ತೋರಿಸಿರುತ್ತಾರೆ. ಹತ್ತಿರದಲ್ಲಿ ಕಡು ಬಣ್ಣದ ಟವೆಲುಗಳಿರಲಿ. ಬಿಳಿ ಬಟ್ಟೆಯ ಮೇಲೆ ಸ್ವಲ್ಪ ರಕ್ತವೂ ಭಯ ಹುಟ್ಟಿಸುತ್ತದೆ. ಆ ಹೊತ್ತಿಗೆ ಆ್ಯಂಬುಲೆನ್ಸಿಗೆ ಓಡುವುದಕ್ಕಿಂತ ಒಬ್ಬರು ಕೈ ಹಿಡಿದು ಪಕ್ಕದಲ್ಲಿ ಕುಳಿತಿರುವುದು ಮುಖ್ಯ.

ಕೀಮೊ ಮಾತ್ರೆಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಒಡೆಯಬಾರದು. ಗರ್ಭಿಣಿಯರು ಅವುಗಳಿಂದ ದೂರವಿರಬೇಕು. ಉಳಿದ ಮಾರ್ಫಿನ್ ಮಾತ್ರೆಗಳನ್ನು ಬೇರೊಬ್ಬರ ನೋವಿಗೆಂದು ಕೊಡದೆ, ಎಣಿಸಿ, ಪಾಲಿಯೇಟಿವ್ ಘಟಕಕ್ಕೆ ಹಿಂದಿರುಗಿಸಬೇಕು. ನೀರುಹಾಸಿಗೆ, ಆಮ್ಲಜನಕದ ಯಂತ್ರ ಅಲ್ಲಿಂದ ತಂದಿದ್ದರೆ ಅವನ್ನೂ ಬೇಗ ತಲುಪಿಸಿ, ಕಾಯುತ್ತಿರುವ ಇನ್ನೊಂದು ಮನೆ ಇರುತ್ತದೆ.